ತತ್ವಶಾಸ್ತ್ರ ಓದುವವರಿಗೆ ಸಮ್ಮೇಳನ, ಸಮ್ಮರ್ ಸ್ಕೂಲ್, ಫೆಲೋಶಿಪ್: ಹುಡುಕುವ ಮೊದಲು ಒಂದು ಪ್ರಶ್ನೆ ಇರಲಿ

ಪಿಎಚ್‌ಡಿಯ ಮೊದಲ ವರ್ಷ ನಾನು ಹದಿನಾಲ್ಕು ಸಮ್ಮೇಳನಗಳಿಗೆ ಅರ್ಜಿ ಹಾಕಿದೆ. ಒಂದಕ್ಕೆ ಕಾಂಟ್ ಮೇಲೆ, ಇನ್ನೊಂದಕ್ಕೆ ಕೃತಕ ಬುದ್ಧಿಮತ್ತೆಯ ಮೇಲೆ, ಮತ್ತೊಂದಕ್ಕೆ ಪರಿಸರ ನೀತಿಯ ಮೇಲೆ. ಪೇಪರ್ ಕಳಿಸಿ ಎಂಬ ಕರೆ ಕಂಡ ಕೂಡಲೇ ಅದಕ್ಕೆ ಹೊಂದುವ ಒಂದು ಅಬ್‌ಸ್ಟ್ರಾಕ್ಟ್ (ಪೇಪರಿನ ಸಾರಾಂಶ) ಬರೆದು ಕಳಿಸುತ್ತಿದ್ದೆ. ಹದಿನಾಲ್ಕರಲ್ಲಿ ಒಂದೂ ಸಿಗಲಿಲ್ಲ. ಮರುವರ್ಷ ನಾಲ್ಕೇ ನಾಲ್ಕು ಅರ್ಜಿ ಹಾಕಿದೆ. ನಾಲ್ಕರಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಎರಡು ಕಡೆ ಕರೆದರು.

ಆ ಎರಡು ವರ್ಷಗಳ ನಡುವೆ ನಾನು ದೊಡ್ಡ ಪಂಡಿತೆಯೇನೂ ಆಗಿರಲಿಲ್ಲ. ಹುಡುಕುವ ದಿಕ್ಕು ಬದಲಾಗಿತ್ತು, ಅಷ್ಟೇ. ಮೊದಲು ಅವಕಾಶ ಹುಡುಕಿ ಅದಕ್ಕೊಂದು ಪ್ರಶ್ನೆ ಹೊಂದಿಸುತ್ತಿದ್ದೆ. ಆಮೇಲೆ ನನ್ನ ಪ್ರಶ್ನೆ ಎಲ್ಲಿ ಚರ್ಚೆಯಾಗುತ್ತಿದೆ ಎಂದು ಹುಡುಕತೊಡಗಿದೆ. ಎಂಎ ಮುಗಿಸುತ್ತಿರುವವರು, ಪಿಎಚ್‌ಡಿ ಶುರು ಮಾಡಿದವರು, ಮುಗಿಸಿ ಮುಂದೇನು ಎಂದು ಕೂತವರು ನನ್ನನ್ನು ಕೇಳಿದಾಗಲೆಲ್ಲ ನಾನು ಶುರು ಮಾಡುವುದು ಇಲ್ಲಿಂದಲೇ.

ಮೊದಲು ಮೂರು ಸಾವಿರ ಪದ

ನನ್ನ ಪ್ರಶ್ನೆ ಇದು: ಸ್ನೇಹಿತನಿಗೆ ಕೊಟ್ಟ ಮಾತನ್ನು ನಾನು ಮರೆತುಬಿಟ್ಟೆ. ಬೇಕೆಂದು ಮರೆತಿಲ್ಲ, ಮರೆಯುತ್ತಿದ್ದೇನೆ ಅನ್ನುವುದೂ ಆಗ ಗೊತ್ತಿರಲಿಲ್ಲ. ಆದರೂ ಅವನು ನನ್ನ ಮೇಲೆ ಸಿಟ್ಟಾಗುವುದು ಸರಿಯೇ? ಸರಿಯಾದರೆ, ನಾನು ಮಾಡದ ಯಾವ ಕೆಲಸಕ್ಕೆ ನಾನು ಹೊಣೆ?

ನಿಮ್ಮ ಪ್ರಶ್ನೆಯೂ ಹೀಗೆ ನಾಲ್ಕು ಸಾಲಲ್ಲಿ, ತತ್ವಶಾಸ್ತ್ರ ಓದದವರಿಗೂ ಅರ್ಥವಾಗುವ ಹಾಗೆ ಇರಬೇಕು. "ನಾನು ಹೈಡೆಗರ್ ಮೇಲೆ ಕೆಲಸ ಮಾಡುತ್ತಿದ್ದೇನೆ" ಎಂದರೆ ಅದು ಪ್ರಶ್ನೆಯಲ್ಲ, ನೀವು ಓದುತ್ತಿರುವ ಪುಸ್ತಕಗಳ ಗುರುತು. ಹೈಡೆಗರ್ ಹೇಳಿದ ಯಾವ ಮಾತು ನಿಮಗೆ ಒಪ್ಪಿಗೆಯಾಗುತ್ತಿಲ್ಲ? ಯಾವ ಮಾತನ್ನು ಎಲ್ಲರೂ ತಪ್ಪಾಗಿ ಓದುತ್ತಿದ್ದಾರೆ ಅನ್ನಿಸುತ್ತದೆ? ಅದನ್ನು ಹೇಳಿ.

ಪ್ರಶ್ನೆ ಸಿಕ್ಕಿತಾ? ಹಾಗಾದರೆ ಕರೆಗಳನ್ನು ನೋಡುವ ಮೊದಲೇ ಅದರ ಮೇಲೆ ಮೂರು ಸಾವಿರ ಪದಗಳ ಒಂದು ಪೇಪರ್ ಬರೆದುಬಿಡಿ. ಸುಮ್ನೆ ಹೇಳಿದ ಅಂಕಿಯಲ್ಲ ಇದು. ಅಮೆರಿಕನ್ ಫಿಲಾಸಫಿಕಲ್ ಅಸೋಸಿಯೇಷನ್‌ನ ಸಭೆಗಳಲ್ಲಿ ಓದುವ ಕೊಲೋಕ್ವಿಯಂ ಪೇಪರ್‌ಗಳಿಗೆ ಇಟ್ಟಿರುವ ಮಿತಿ ಮೂರು ಸಾವಿರ ಪದ. ಗಟ್ಟಿಯಾಗಿ, ನಿಧಾನವಾಗಿ ಓದಿದರೆ ಇಪ್ಪತ್ತೈದು ನಿಮಿಷದ ಆಚೀಚೆ ಮುಗಿಯುತ್ತದೆ. ಬಹಳಷ್ಟು ಸಮ್ಮೇಳನಗಳಲ್ಲಿ ಮಾತಿಗೆ ಸಿಗುವ ಹೊತ್ತೂ ಸುಮಾರು ಅಷ್ಟೇ. ಇದನ್ನೇ ಇಳಿಸಿದರೆ ಐನೂರು ಪದದ ಅಬ್‌ಸ್ಟ್ರಾಕ್ಟ್ ಸಿಗುತ್ತದೆ. ಬೆಳೆಸಿದರೆ ಎಂಟು ಸಾವಿರ ಪದದ ಜರ್ನಲ್ ಲೇಖನವಾಗುತ್ತದೆ. ಪಿಎಚ್‌ಡಿ ಪ್ರವೇಶಕ್ಕೆ ಕೇಳುವ ಬರವಣಿಗೆಯ ಮಾದರಿಗೂ ಇದೇ ಬುನಾದಿ. ನಿಮ್ಮ ಕೈಯಲ್ಲಿ ಈ ಒಂದು ಪೇಪರ್ ಇದ್ದರೆ ಯಾವ ಕರೆ ಬಂದರೂ ಎರಡು ದಿನದಲ್ಲಿ ತಯಾರಾಗಬಹುದು. ಇಲ್ಲದಿದ್ದರೆ ಪ್ರತಿ ಸಲವೂ ಸೊನ್ನೆಯಿಂದ ಶುರು.

ಎಲ್ಲಿ ಹುಡುಕಬೇಕು

ಬೇರೆ ಎಷ್ಟೋ ವಿಷಯಗಳಿಗೆ ಇಲ್ಲದ ಒಂದು ಅನುಕೂಲ ತತ್ವಶಾಸ್ತ್ರಕ್ಕಿದೆ. ಡೇವಿಡ್ ಬೂರ್ಜೆ ಮತ್ತು ಡೇವಿಡ್ ಚಾಮರ್ಸ್ 2009ರಲ್ಲಿ ಫಿಲ್‌ಪೇಪರ್ಸ್ ಅನ್ನು ಶುರು ಮಾಡಿದರು. ತತ್ವಶಾಸ್ತ್ರದ ಲೇಖನಗಳನ್ನೂ ಪುಸ್ತಕಗಳನ್ನೂ ವಿಷಯವಾರು ವಿಂಗಡಿಸಿ ಇಟ್ಟಿರುವ ದೊಡ್ಡ ಸೂಚಿ ಅದು. ಅದಕ್ಕೆ ಅಕ್ಕ ತಂಗಿಯರಿದ್ದಾರೆ. ಫಿಲ್‌ಈವೆಂಟ್ಸ್‌ನಲ್ಲಿ ಸಮ್ಮೇಳನ, ವರ್ಕ್‌ಶಾಪ್, ಸಮ್ಮರ್ ಸ್ಕೂಲ್‌ಗಳ ಕರೆ ಬರುತ್ತವೆ. ಫಿಲ್‌ಜಾಬ್ಸ್‌ನಲ್ಲಿ ಕೆಲಸ ಮತ್ತು ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನಾ ಹುದ್ದೆಗಳು. ಫಿಲ್‌ಆರ್ಕೈವ್‌ನಲ್ಲಿ ಲೇಖನಗಳನ್ನು ಉಚಿತವಾಗಿ ಓದಬಹುದು, ನಿಮ್ಮದನ್ನೂ ಹಾಕಬಹುದು.

ಹೊಸಬರು ನೇರವಾಗಿ ಫಿಲ್‌ಈವೆಂಟ್ಸ್ ತೆರೆದು ಮೇಲಿಂದ ಕೆಳಗೆ ಓದತೊಡಗುತ್ತಾರೆ. ನಾನು ಹಾಗೆ ಮಾಡಬೇಡಿ ಅನ್ನುತ್ತೇನೆ. ಮೊದಲು ಫಿಲ್‌ಪೇಪರ್ಸ್‌ಗೆ ಹೋಗಿ. ನಿಮ್ಮ ಪ್ರಶ್ನೆ ಯಾವ ವಿಭಾಗದ ಕೆಳಗೆ ಬರುತ್ತದೆ ನೋಡಿ. ನಾನು "ಮರೆವು" ಎಂದು ಹುಡುಕಿದಾಗ ಸಿಕ್ಕಿದ್ದೆಲ್ಲ ನೆನಪಿನ ತತ್ವಶಾಸ್ತ್ರ. ಅದರಲ್ಲಿ ನನ್ನ ಪ್ರಶ್ನೆ ಇರಲಿಲ್ಲ. ಎರಡು ವಾರ ತಡಕಾಡಿದ ಮೇಲೆ ಏಂಜೆಲಾ ಸ್ಮಿತ್ 2005ರಲ್ಲಿ ಎಥಿಕ್ಸ್ ಪತ್ರಿಕೆಯಲ್ಲಿ ಬರೆದ ಲೇಖನ ಕಣ್ಣಿಗೆ ಬಿತ್ತು. ಸ್ನೇಹಿತೆಯ ಹುಟ್ಟುಹಬ್ಬ ಮರೆತ ಉದಾಹರಣೆ ಅಲ್ಲಿತ್ತು. ನನ್ನ ಪ್ರಶ್ನೆಯ ಮನೆ ನೆನಪಿನ ತತ್ವಶಾಸ್ತ್ರವಲ್ಲ, ನೈತಿಕ ಹೊಣೆಗಾರಿಕೆಯ ಚರ್ಚೆ ಎಂದು ಆವತ್ತು ತಿಳಿಯಿತು. ಆ ಲೇಖನವನ್ನು ಯಾರೆಲ್ಲ ಉಲ್ಲೇಖಿಸಿದ್ದಾರೆ ಎಂದು ನೋಡುತ್ತಾ ಹೋದೆ. ಅವರಲ್ಲಿ ಇತ್ತೀಚೆಗೆ ಬರೆಯುತ್ತಿರುವವರ ಹೆಸರುಗಳನ್ನು ಬರೆದಿಟ್ಟುಕೊಂಡೆ. ಅವರು ಯಾವ ವರ್ಕ್‌ಶಾಪ್‌ಗಳಲ್ಲಿ ಮಾತಾಡಿದ್ದಾರೆ, ಯಾವುದನ್ನು ನಡೆಸುತ್ತಾರೆ ಎಂದು ನೋಡಿದೆ. ಆಮೇಲೇ ಫಿಲ್‌ಈವೆಂಟ್ಸ್‌ನಲ್ಲಿ ನನ್ನ ವಿಷಯಗಳನ್ನು ಗುರುತು ಮಾಡಿಟ್ಟೆ.

ಮನೆ ಗೊತ್ತಿಲ್ಲದೆ ಬಾಗಿಲು ತಟ್ಟಬಾರದು, ಅಲ್ವಾ? ವಿಷಯವೇ ಸ್ಪಷ್ಟವಿಲ್ಲದಿದ್ದರೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಎಂಬ ಆನ್‌ಲೈನ್ ತತ್ವಶಾಸ್ತ್ರ ವಿಶ್ವಕೋಶದಿಂದ ಶುರು ಮಾಡಿ. 1995ರಿಂದ ನಡೆಯುತ್ತಿದೆ, ಉಚಿತ, ಒಂದೊಂದು ನಮೂದೂ ಆ ವಿಷಯ ಬಲ್ಲವರೇ ಬರೆದದ್ದು.

ದೊಡ್ಡದೋ ಚಿಕ್ಕದೋ

ದೊಡ್ಡ ಸಭೆಗಳ ಹೆಸರು ನಿಮಗೆ ಗೊತ್ತಿರಬೇಕು. ತತ್ವಶಾಸ್ತ್ರದ ವಿಶ್ವ ಸಮ್ಮೇಳನ 1900ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಈಗ ಸುಮಾರು ಐದು ವರ್ಷಕ್ಕೊಮ್ಮೆ ನಡೆಯುವ ಪದ್ಧತಿ. 2018ರಲ್ಲಿ ಬೀಜಿಂಗ್, 2024ರಲ್ಲಿ ರೋಮ್, ಮುಂದಿನದು 2028ಕ್ಕೆ ಟೋಕಿಯೋದಲ್ಲಿ. ಅಲ್ಲಿ ವಿದ್ಯಾರ್ಥಿಗಳಿಗೂ ಜಾಗ ಇರುತ್ತದೆ. ಅಮೆರಿಕನ್ ಫಿಲಾಸಫಿಕಲ್ ಅಸೋಸಿಯೇಷನ್‌ಗೆ ಪೂರ್ವ, ಮಧ್ಯ, ಪೆಸಿಫಿಕ್ ಎಂದು ಮೂರು ವಿಭಾಗಗಳು. ಪ್ರತಿಯೊಂದೂ ವರ್ಷಕ್ಕೊಂದು ಸಭೆ ಮಾಡುತ್ತದೆ. ಬ್ರಿಟನ್‌ನಲ್ಲಿ ಅರಿಸ್ಟಟೀಲಿಯನ್ ಸೊಸೈಟಿ ಮತ್ತು ಮೈಂಡ್ ಅಸೋಸಿಯೇಷನ್ ಸೇರಿ ಬೇಸಿಗೆಯಲ್ಲಿ ಜಾಯಿಂಟ್ ಸೆಷನ್ ನಡೆಸುತ್ತವೆ. ಅದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೇ ಮೀಸಲಾದ ಭಾಗವೂ ಇರುತ್ತದೆ.

ಆದರೆ ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಬೇರೆ. ಗ್ರಾಜುಯೇಟ್ ಕಾನ್ಫರೆನ್ಸ್‌ಗೆ ಹೋಗಿ. ಯಾವುದೋ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿಗಳು ಸೇರಿ ನಡೆಸುವ ಚಿಕ್ಕ ಸಮ್ಮೇಳನ. ಎರಡು ದಿನ, ಆರೋ ಎಂಟೋ ಪೇಪರ್, ಒಬ್ಬರೋ ಇಬ್ಬರೋ ಹಿರಿಯ ಭಾಷಣಕಾರರು. ಎಷ್ಟೋ ಕಡೆ ಪ್ರತಿ ಪೇಪರ್‌ಗೆ ಒಬ್ಬ ಕಾಮೆಂಟೇಟರ್ ಇರುತ್ತಾರೆ. ಅವರು ನಿಮ್ಮ ಪೇಪರನ್ನು ಮೊದಲೇ ಪೂರ್ತಿ ಓದಿ, ಹತ್ತು ನಿಮಿಷ ಅದರ ಬಗ್ಗೆಯೇ ಮಾತಾಡುತ್ತಾರೆ. ನಿಮ್ಮ ಬರವಣಿಗೆಯನ್ನು ಹಾಗೆ ಗಮನವಿಟ್ಟು ಓದುವ ಅಪರಿಚಿತರು ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನನ್ನ ಮೊದಲ ಪೇಪರ್‌ಗೆ ಕಾಮೆಂಟ್ ಮಾಡಿದವರು ಎರಡನೇ ವರ್ಷದ ವಿದ್ಯಾರ್ಥಿನಿ. "ಮರೆಯುವುದಕ್ಕೂ ಗಮನಿಸದೇ ಇರುವುದಕ್ಕೂ ನಿಮ್ಮ ವಾದದಲ್ಲಿ ವ್ಯತ್ಯಾಸವೇ ಇಲ್ಲವಲ್ಲ" ಎಂದರು. ನನ್ನ ಥೀಸಿಸ್‌ನ ಮೂರನೇ ಅಧ್ಯಾಯ ಪೂರ್ತಿ ಆ ಒಂದು ಮಾತಿಗೆ ಉತ್ತರ.

ಇನ್ನೊಂದು ದಾರಿ ಯಾರಿಗೂ ಹೊಳೆಯುವುದಿಲ್ಲ. ಪೇಪರ್ ಆಯ್ಕೆಯಾಗದಿದ್ದರೆ, ಕಾಮೆಂಟೇಟರ್ ಆಗಿಯೋ ಸೆಷನ್ ನಡೆಸಿಕೊಡುವವರಾಗಿಯೋ ಬರುತ್ತೇನೆ ಎಂದು ಬರೆದು ಕೇಳಿ. ಸಂಘಟಕರಿಗೆ ಜನ ಬೇಕೇ ಬೇಕು. ನಾನು ಹೀಗೆ ಎರಡು ಸಲ ಹೋಗಿದ್ದೇನೆ.

ಅಬ್‌ಸ್ಟ್ರಾಕ್ಟ್ ಬರೆಯುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಆಯ್ಕೆ ಸಮಿತಿಯಲ್ಲಿ ಕೂತು ಒಂದು ವಾರದಲ್ಲಿ ತೊಂಬತ್ತು ಅಬ್‌ಸ್ಟ್ರಾಕ್ಟ್ ಓದಿದ ಮೇಲೆ ನನಗೆ ಹಲವು ವಿಷಯ ಅರ್ಥವಾದವು. ಓದುವವರು ದಣಿದಿರುತ್ತಾರೆ. ಅವರು ಹುಡುಕುವುದು ಒಂದೇ: ಈ ವ್ಯಕ್ತಿ ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ.

ನಾನು ಮೊದಲ ವರ್ಷ ಬರೆದದ್ದು ಹೀಗಿತ್ತು: "ಮರೆವು ಮತ್ತು ನೈತಿಕತೆಯ ಸಂಬಂಧ ಬಹಳ ಕಾಲದಿಂದ ಚಿಂತಕರನ್ನು ಕಾಡಿದೆ. ಈ ಪ್ರಬಂಧದಲ್ಲಿ ನಾನು ಮರೆವಿನ ಹಲವು ಆಯಾಮಗಳನ್ನು ಪರಿಶೀಲಿಸಿ, ಹೊಣೆಗಾರಿಕೆಯ ಪರಿಕಲ್ಪನೆಯನ್ನು ಹೊಸದಾಗಿ ನೋಡಲು ಯತ್ನಿಸುತ್ತೇನೆ." ಓದಿ ನೋಡಿ. ಇದರಲ್ಲಿ ವಾದವೇ ಇಲ್ಲ. ಪರಿಶೀಲಿಸುತ್ತೇನೆ, ಯತ್ನಿಸುತ್ತೇನೆ ಎಂದರೆ ಉತ್ತರ ನನಗಿನ್ನೂ ಸಿಕ್ಕಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಮರುವರ್ಷ ಹೀಗೆ ಬರೆದೆ: "ತಿಳಿಯದೆ ಮಾಡಿದ ತಪ್ಪಿಗೆ ನಾವು ಹೊಣೆಯಾಗುವುದು ಹಿಂದೆ ತಿಳಿದೇ ಮಾಡಿದ ಯಾವುದಾದರೂ ತಪ್ಪು ಇದ್ದರೆ ಮಾತ್ರ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಒಪ್ಪಿದರೆ, ಸ್ನೇಹಿತನಿಗೆ ಕೊಟ್ಟ ಮಾತನ್ನು ಸುಮ್ಮನೆ ಮರೆತವರನ್ನು ದೂರುವ ಹಾಗಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಮಾತು ಕೊಡುವುದು ಎಂದರೆ ಅದನ್ನು ನೆನಪಿಡುವ ಹೊಣೆಯನ್ನೂ ಹೊತ್ತುಕೊಳ್ಳುವುದು. ಹಾಗಾಗಿ ಮರೆತದ್ದೇ ಮಾತು ಮುರಿದ ಮೊದಲ ಹಂತ. ಇದಕ್ಕೊಂದು ಆಕ್ಷೇಪವಿದೆ: ನೆನಪು ನಮ್ಮ ಹಿಡಿತದಲ್ಲಿಲ್ಲ. ಹಿಡಿತದಲ್ಲಿಲ್ಲದ್ದಕ್ಕೂ ನಾವು ಹೊಣೆ ಹೊರಬಹುದು ಎಂದು ತೋರಿಸುತ್ತೇನೆ."

ಎರಡನೆಯದು ಯಾಕೆ ಕೆಲಸ ಮಾಡಿತು? ಬೇರೆಯವರು ಏನು ಹೇಳುತ್ತಾರೆ ಎನ್ನುವುದು ಮೊದಲ ಸಾಲಲ್ಲೇ ಬಂತು. ನಾನು ಎಲ್ಲಿ ನಿಂತಿದ್ದೇನೆ ಎನ್ನುವುದು ಮುಚ್ಚುಮರೆ ಇಲ್ಲದೆ ಬಂತು. ಕಾರಣ ಬಂತು. ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪವನ್ನು ನಾನೇ ಎತ್ತಿದೆ. ಆ ಕೊನೆಯದನ್ನು ಬಹಳ ಜನ ಬಿಡುತ್ತಾರೆ, ತಮ್ಮ ವಾದ ದುರ್ಬಲವಾಗುತ್ತದೆ ಎಂಬ ಭಯಕ್ಕೆ. ಸಮಿತಿಯಲ್ಲಿ ಕೂತವಳಾಗಿ ಹೇಳುತ್ತೇನೆ, ಆಕ್ಷೇಪ ಕಂಡಾಗಲೇ ನಮಗೆ ನಂಬಿಕೆ ಬರುತ್ತಿತ್ತು.

ಹೆಸರಿನ ವಿಷಯದಲ್ಲಿ ಎಚ್ಚರ. ತತ್ವಶಾಸ್ತ್ರದಲ್ಲಿ ಬಹುಪಾಲು ಆಯ್ಕೆ ಹೆಸರು ಮುಚ್ಚಿಟ್ಟೇ ನಡೆಯುತ್ತದೆ. ಫೈಲಿನ ಒಳಗೆ ಹೆಸರು ತೆಗೆದರೆ ಸಾಲದು. ಫೈಲಿನ ಹೆಸರಲ್ಲಿ, ಅದರ ಪ್ರಾಪರ್ಟೀಸ್‌ನಲ್ಲಿ, "ನಾನು ಹಿಂದೆ ಬರೆದ ಲೇಖನದಲ್ಲಿ" ಎಂಬ ಅಡಿಟಿಪ್ಪಣಿಯಲ್ಲಿ ಅದು ಅಡಗಿ ಕೂತಿರುತ್ತದೆ. ನನ್ನ ಒಂದು ಪೇಪರ್ ಇದೇ ಕಾರಣಕ್ಕೆ ಓದದೆಯೇ ವಾಪಸ್ ಬಂದಿತ್ತು.

ಕೊನೆಯ ದಿನಾಂಕದ ಪಕ್ಕ ಎಓಇ ಎಂದಿದ್ದರೆ, ಭೂಮಿಯ ಮೇಲೆ ಎಲ್ಲಾದರೂ ಆ ದಿನ ಮುಗಿಯದೆ ಉಳಿದಿರುವ ತನಕ ಅವಕಾಶ ಇದೆ ಎಂದರ್ಥ. ಹಾಗೆ ಇಲ್ಲದಿದ್ದರೆ ಸಂಘಟಕರು ಇರುವ ಊರಿನ ಗಡಿಯಾರ ನೋಡಿ. ನಾಲ್ಕು ತಾಸಿನ ಲೆಕ್ಕ ತಪ್ಪಿ ಒಂದು ಒಳ್ಳೆಯ ವರ್ಕ್‌ಶಾಪ್ ಕಳೆದುಕೊಂಡಿದ್ದೇನೆ. ಇವತ್ತಿಗೂ ಬೇಜಾರಿದೆ.

ಸಮ್ಮರ್ ಸ್ಕೂಲ್

ತರ್ಕ, ಭಾಷೆಯ ತತ್ವಶಾಸ್ತ್ರದ ಕಡೆ ಒಲವಿದ್ದರೆ ಎಸ್ಲಿ (ESSLLI) ನೋಡಿ. 1989ರಿಂದ ಯುರೋಪಿನ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿರುವ ಎರಡು ವಾರದ ಶಾಲೆ. ವಿದ್ಯಾರ್ಥಿಗಳೇ ಪೇಪರ್ ಓದುವ ಸೆಷನ್ ಕೂಡ ಉಂಟು. ಮ್ಯೂನಿಕ್‌ನ ಗಣಿತೀಯ ತತ್ವಶಾಸ್ತ್ರ ಕೇಂದ್ರ ವಿದ್ಯಾರ್ಥಿನಿಯರಿಗೆಂದೇ ಸಮ್ಮರ್ ಸ್ಕೂಲ್ ನಡೆಸಿಕೊಂಡು ಬಂದಿದೆ. ಫಿನಾಮಿನಾಲಜಿಯವರಿಗೆ ಇಟಲಿಯಲ್ಲಿ ಸೇರುವ ಕೊಲೀಜಿಯಂ ಫಿನಾಮಿನಾಲಾಜಿಕಂ ಇದೆ. ಇಲ್ಲೆಲ್ಲ ಪೇಪರ್‌ಗಿಂತ ಜಾಸ್ತಿ ಬೇಕಾಗುವುದು ಒಂದು ಪುಟದ ಪತ್ರ. ಈ ಶಾಲೆಯ ಯಾವ ಕೋರ್ಸ್ ನಿಮ್ಮ ಪ್ರಶ್ನೆಯ ಯಾವ ಗಂಟು ಬಿಡಿಸಲು ನೆರವಾಗುತ್ತದೆ, ಅದನ್ನು ಬರೆಯಿರಿ. ನಿಮಗೆ ಚಿಕ್ಕಂದಿನಿಂದ ತತ್ವಶಾಸ್ತ್ರ ಇಷ್ಟ ಎನ್ನುವುದು ಅಲ್ಲಿ ಬೇಡ.

ದುಡ್ಡು

ಪ್ರಯಾಣಕ್ಕೆ ದುಡ್ಡಿಲ್ಲ ಎಂದು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ. ಮೊದಲು ಅರ್ಜಿ ಹಾಕಿ. ಆಯ್ಕೆಯಾದ ಮೇಲೆ ಸಂಘಟಕರಿಗೆ ನೇರವಾಗಿ ಬರೆಯಿರಿ: ಶುಲ್ಕ ಬಿಡಬಹುದೇ, ಉಳಿಯಲು ವಿದ್ಯಾರ್ಥಿಗಳ ಮನೆಯಲ್ಲಿ ಜಾಗ ಸಿಗಬಹುದೇ, ಆನ್‌ಲೈನ್‌ನಲ್ಲಿ ಮಾತಾಡಬಹುದೇ. ನಿಮ್ಮ ವಿಭಾಗದಲ್ಲಿ ಪ್ರಯಾಣದ ನಿಧಿ ಇದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಇದ್ದೂ ಯಾರೂ ಕೇಳದೆ ಉಳಿದ ನಿಧಿಗಳನ್ನು ನಾನೇ ನೋಡಿದ್ದೇನೆ.

ಇನ್ನು ಮೋಸದ ಸಮ್ಮೇಳನಗಳು. ನನಗೊಮ್ಮೆ ಕಳಿಸಿದ ಎರಡೇ ದಿನಕ್ಕೆ "ಆಯ್ಕೆಯಾಗಿದೆ" ಎಂದು ಪತ್ರ ಬಂತು. ಖುಷಿಯಲ್ಲಿ ಶುಲ್ಕ ಕಟ್ಟಿದೆ. ಅಲ್ಲಿ ಹೋದರೆ ಒಂದೇ ಕೋಣೆಯಲ್ಲಿ ರಸಾಯನಶಾಸ್ತ್ರ, ಮಾರ್ಕೆಟಿಂಗ್, ತತ್ವಶಾಸ್ತ್ರ ಎಲ್ಲ. ಪ್ರಶ್ನೆ ಕೇಳಲು ಒಬ್ಬರೂ ಇಲ್ಲ. ಎಲ್ಲ ವಿಷಯಕ್ಕೂ ಒಂದೇ ಸಮ್ಮೇಳನ, ಗಡಿಬಿಡಿಯ ಆಯ್ಕೆ, ದುಡ್ಡು ಕೊಟ್ಟರೆ ಪ್ರಕಟಣೆ ಖಂಡಿತ ಎಂಬ ಭರವಸೆ, ಇವು ಕಂಡರೆ ದೂರ ಇರಿ. ಸಂಘಟಕರ ಹೆಸರನ್ನು ಫಿಲ್‌ಪೇಪರ್ಸ್‌ನಲ್ಲಿ ಹುಡುಕಿ. ಅವರು ನಿಜವಾಗಿ ಏನಾದರೂ ಬರೆದಿದ್ದಾರೆಯೇ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪಿಎಚ್‌ಡಿಗೆ ಹೋಗುವವರಿಗೆ, ಮುಗಿಸಿದವರಿಗೆ

ಪಿಎಚ್‌ಡಿ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಉತ್ತರ ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಪ್ರವೇಶ. ಅರ್ಜಿಗಳು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಮೊದಲ ಎರಡು ವರ್ಷ ತರಗತಿಗಳಿರುತ್ತವೆ, ಗೈಡ್ ಆಮೇಲೆ. ಅಲ್ಲಿ ನಿಮ್ಮ ಬರವಣಿಗೆಯ ಮಾದರಿಯೇ ಮುಖ್ಯ. ಯುರೋಪಿನ ಹಲವು ದೇಶಗಳಲ್ಲಿ ಪಿಎಚ್‌ಡಿ ಎಂದರೆ ಒಂದು ಕೆಲಸ. ಯಾವುದಾದರೂ ಯೋಜನೆಯ ಭಾಗವಾಗಿ ಜಾಹೀರಾತು ಬರುತ್ತದೆ, ಸಂಬಳ ಇರುತ್ತದೆ, ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಅಲ್ಲಿ ನಿಮ್ಮ ಪ್ರಶ್ನೆ ಆ ಯೋಜನೆಗೆ ಎಷ್ಟು ಹೊಂದುತ್ತದೆ ಎನ್ನುವುದನ್ನು ನೋಡುತ್ತಾರೆ.

ಪಿಎಚ್‌ಡಿ ಮುಗಿದ ಮೇಲೆ ಕೆಲಸದ ಜಾಹೀರಾತುಗಳಲ್ಲಿ ಎಓಎಸ್, ಎಓಸಿ ಎಂಬ ಎರಡು ಅಕ್ಷರಗುಚ್ಛ ಕಾಣುತ್ತವೆ. ಮೊದಲನೆಯದು ನೀವು ಸಂಶೋಧನೆ ಮಾಡುವ ಕ್ಷೇತ್ರ. ಎರಡನೆಯದು ನೀವು ಧೈರ್ಯವಾಗಿ ಪಾಠ ಮಾಡಬಲ್ಲ ಕ್ಷೇತ್ರ. ಎಓಸಿಯಲ್ಲಿ ಎಂಟು ವಿಷಯ ತುಂಬಬೇಡಿ. ಸಂದರ್ಶನದಲ್ಲಿ ಅದರದ್ದೇ ಪಾಠಯೋಜನೆ ಕೇಳುತ್ತಾರೆ.

ಪೋಸ್ಟ್‌ಡಾಕ್‌ಗಳಲ್ಲಿ ಎರಡನ್ನು ಯಾವ ದೇಶದವರಾದರೂ ನೋಡಬೇಕು. ಒಂದು ಯುರೋಪಿಯನ್ ಒಕ್ಕೂಟದ ಮರೀ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಫೆಲೋಶಿಪ್. ಪಿಎಚ್‌ಡಿ ಮುಗಿದಿರಬೇಕು. ಆಮೇಲಿನ ಸಂಶೋಧನೆಯ ಅನುಭವ ಎಂಟು ವರ್ಷ ಮೀರಿರಬಾರದು. ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಇನ್ನೊಂದು ಜರ್ಮನಿಯ ಹಂಬೋಲ್ಟ್ ಫೌಂಡೇಶನ್‌ನದು. ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗಿನವರಿಗೆ ಒಂದು ದಾರಿ, ಹನ್ನೆರಡು ವರ್ಷದೊಳಗಿನವರಿಗೆ ಇನ್ನೊಂದು. ವರ್ಷವಿಡೀ ಅರ್ಜಿ ಹಾಕಬಹುದು. ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ವರ್ಷದ ಕರೆಯನ್ನೇ ಓದಿ. ವಿಜ್ಞಾನದ ತತ್ವಶಾಸ್ತ್ರದವರಾದರೆ ಪಿಟ್ಸ್‌ಬರ್ಗ್‌ನ ಕೇಂದ್ರವನ್ನು ಮರೆಯಬೇಡಿ. 1960ರಿಂದ ಇದೆ, ಹೊರಗಿನವರನ್ನು ಫೆಲೋಗಳಾಗಿ ಕರೆಯುತ್ತದೆ.

ಮೊದಲ ಎರಡಕ್ಕೂ ಆ ಕಡೆಯಿಂದ ಒಬ್ಬ ಆತಿಥೇಯ ಪ್ರಾಧ್ಯಾಪಕರು ಬೇಕು. ಅವರಿಗೆ ಕನಿಷ್ಠ ಐದಾರು ತಿಂಗಳು ಮೊದಲು ಬರೆಯಿರಿ. ಪತ್ರ ಚಿಕ್ಕದಿರಲಿ. ಅವರ ಯಾವ ಲೇಖನದ ಯಾವ ಮಾತು ನಿಮ್ಮ ಪ್ರಶ್ನೆಯನ್ನು ಮುಟ್ಟುತ್ತದೆ ಎಂದು ಎರಡು ಸಾಲು, ನಿಮ್ಮ ಯೋಜನೆ ಐದು ಸಾಲು, ಜೊತೆಗೆ ಆ ಮೂರು ಸಾವಿರ ಪದದ ಪೇಪರ್. "ನಿಮ್ಮ ಕೆಲಸದಿಂದ ಬಹಳ ಪ್ರಭಾವಿತಳಾಗಿದ್ದೇನೆ" ಎನ್ನುವುದನ್ನು ಬಿಡಿ. ನಾನು ಐದು ಜನಕ್ಕೆ ಬರೆದೆ. ಮೂವರು ಉತ್ತರಿಸಲಿಲ್ಲ, ಒಬ್ಬರು ಆಗುವುದಿಲ್ಲ ಎಂದರು, ಒಬ್ಬರು ಪೇಪರಿನ ನಾಲ್ಕನೇ ಪುಟದ ಬಗ್ಗೆ ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳಿದವರ ಜೊತೆಗೇ ಎರಡು ವರ್ಷ ಕೆಲಸ ಮಾಡಿದೆ.

ಶಿಫಾರಸು ಪತ್ರ ಕೇಳುವಾಗ ಗುರುಗಳಿಗೆ ಒಂದು ತಿಂಗಳಾದರೂ ಸಮಯ ಕೊಡಿ. ನಿಮ್ಮ ಪೇಪರ್, ಅರ್ಜಿಯ ಕರಡು, ಕೊನೆಯ ದಿನಾಂಕ ಮೂರನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ಒಂದು ವಾರ ಮೊದಲು ವಿನಯದಿಂದ ನೆನಪಿಸಿ. ಅವರಿಗೂ ಮರೆವು ಉಂಟು.

ಮಾತಾಡಿ ಬಂದ ಮೇಲೆ

ಅಂದೇ ರಾತ್ರಿ ಕೂತು, ಯಾರು ಯಾವ ಪ್ರಶ್ನೆ ಕೇಳಿದರು ಎಂದು ಬರೆದಿಡಿ. ಬೆಳಗಾಗುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತದೆ. ನೀವು ಉತ್ತರಿಸಲಾಗದೆ ನಿಂತ ಪ್ರಶ್ನೆಯನ್ನು ಮೊದಲು ಬರೆಯಿರಿ. ಒಂದು ವಾರದೊಳಗೆ ಆ ಪ್ರಶ್ನೆ ಕೇಳಿದವರಿಗೆ ಮೇಲ್ ಮಾಡಿ: ನಿಮ್ಮ ಪ್ರಶ್ನೆಗೆ ಈಗ ಇಷ್ಟು ಉತ್ತರ ಸಿಕ್ಕಿದೆ, ಇಷ್ಟು ಸಿಕ್ಕಿಲ್ಲ. ನನ್ನ ಅನುಭವದಲ್ಲಿ ಇದಕ್ಕೆ ಉತ್ತರ ಬರೆಯದವರು ಬಹಳ ಕಡಿಮೆ.

ಆ ಉತ್ತರಗಳನ್ನೆಲ್ಲ ಸೇರಿಸಿ ತಿದ್ದಿದ ಮೇಲೆ ಪೇಪರನ್ನು ಜರ್ನಲ್‌ಗೆ ಕಳಿಸಿ. ಉದ್ದ ಮಾಡಲೇಬೇಕೆಂದಿಲ್ಲ. ಅನಾಲಿಸಿಸ್ ಪತ್ರಿಕೆ ನಾಲ್ಕು ಸಾವಿರ ಪದದೊಳಗಿನ ಲೇಖನಗಳನ್ನೇ ಕೇಳುತ್ತದೆ. ಜ್ಞಾನ ಎಂದರೇನು ಎಂಬ ಚರ್ಚೆಯನ್ನೇ ತಿರುಗಿಸಿದ ಎಡ್ಮಂಡ್ ಗೆಟಿಯರ್ ಅವರ 1963ರ ಲೇಖನ ಅಲ್ಲೇ ಬಂದದ್ದು, ಇದ್ದದ್ದು ಮೂರೇ ಪುಟ. ಒಂದು ಲೇಖನವನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬಹಳಷ್ಟು ಸಲ ಬೇಡ ಎಂದೇ ಬರುತ್ತದೆ. ಆ ಪತ್ರವನ್ನು ಎರಡು ದಿನ ಪಕ್ಕಕ್ಕಿಡಿ. ಮೂರನೇ ದಿನ ತೆರೆದು, ವಿಮರ್ಶಕರು ಎತ್ತಿದ ಆಕ್ಷೇಪಗಳಲ್ಲಿ ನಿಜವೆನಿಸಿದ್ದನ್ನು ತಿದ್ದಿ ಮುಂದಿನ ಪತ್ರಿಕೆಗೆ ಕಳಿಸಿ. ಮರೆವಿನ ಮೇಲಿನ ನನ್ನ ಲೇಖನವನ್ನು ಒಪ್ಪಿದ್ದು ನಾಲ್ಕನೇ ಪತ್ರಿಕೆ. ಅಷ್ಟರಲ್ಲಿ ಅದರ ಮೊದಲ ಪುಟದಲ್ಲೇ ಆ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಬಂದು ಕೂತಿತ್ತು, ಕೆಳಗೆ ಅವರಿಗೊಂದು ಕೃತಜ್ಞತೆಯ ಸಾಲು.